ತೋಟದ ಆಳಾಗಿದ್ದ ಮುತ್ತಜ್ಜನನ್ನು ಹಳೆಯ ಲೆಕ್ಕಗಳಲ್ಲಿ ಹುಡುಕುವುದು ಹೇಗೆ?

ಶಿರಸಿ, ಸಿದ್ದಾಪುರ ಸೀಮೆಯಲ್ಲಿ ತೋಟ-ಗದ್ದೆ ಇದ್ದವರ ವಂಶಾವಳಿ ಬರೆಯುವುದು ಅಷ್ಟೇನೂ ಕಷ್ಟವಲ್ಲ. ಪಹಣಿ, ಆಸ್ತಿ ಪಾಲಾದಾಗಿನ ಹಿಸೆ ಪತ್ರ, ಅಡವಿನ ಪತ್ರಗಳೇ ಅರ್ಧ ಕೆಲಸ ಮುಗಿಸಿಕೊಡುತ್ತವೆ. ಅದೇ ತೋಟದಲ್ಲಿ ಮಳೆಗೆ ಅಡಿಕೆ ಕೊಳೆಯದಂತೆ ಕೊಟ್ಟೆ ಕಟ್ಟಿದ, ಬೆಟ್ಟದಿಂದ ಸೊಪ್ಪು ಹೊತ್ತ, ಅಡಿಕೆ ಗೊನೆ ಇಳಿಸಿದ ಆಳಿನ ಹೆಸರು ಹತ್ತೊಂಬತ್ತನೆಯ ಶತಮಾನದ ಸರ್ಕಾರಿ ಪುಸ್ತಕಗಳಲ್ಲಿ ಸಿಗುವುದು ಅಪರೂಪ, ಏಕೆಂದರೆ ಅವು ಕಂದಾಯ ಕಟ್ಟುವವರ ಪುಸ್ತಕಗಳು. ಆಳು ಕಾಣಿಸಿಕೊಳ್ಳುವುದು ಒಡೆಯರ ಮನೆಯ ಲೆಕ್ಕದಲ್ಲಿ, ಅದೂ ಹೆಚ್ಚಾಗಿ ಬಾಕಿಯ ಬದಿಯಲ್ಲಿ. ಬರೀ ಹೆಸರು ಹಿಡಿದು ಹೊರಟವರು ಬೇಗ ದಾರಿ ತಪ್ಪುತ್ತಾರೆ. ಜಾಗವನ್ನೂ ಬಾಕಿಯನ್ನೂ ಹಿಡಿದು ಹೊರಡುವುದು ಮೇಲು.

ಮೊದಲು ಮನೆಯ ಹಿರಿಯರ ಬಳಿ ಕುಳಿತುಕೊಳ್ಳಿ. "ಅಜ್ಜನ ಅಪ್ಪನ ಹೆಸರೇನು" ಎಂದು ಕೇಳಿ ಸುಮ್ಮನಾಗದೆ, ಯಾರ ಮನೆಯ ಕೆಲಸಕ್ಕೆ ಹೋಗುತ್ತಿದ್ದರು, ಯಾವ ಕೇರಿಯಲ್ಲಿ ಬಿಡಾರವಿತ್ತು, ಘಟ್ಟದ ಕೆಳಗಿನಿಂದ ಬಂದವರೋ ಮೇಲಿನವರೋ, ಕುಲದೇವರಿಗೆ ಹರಕೆ ಒಪ್ಪಿಸಲು ಯಾವ ಊರಿಗೆ ಹೋಗುತ್ತಿದ್ದರು ಎಂಬುದನ್ನೆಲ್ಲ ಬರೆದುಕೊಳ್ಳಿ. ನಮ್ಮ ಕಡೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ಇರುವುದರಿಂದ, ಒಂದೇ ಮನೆಯಲ್ಲಿ ಮಾಸ್ತಿ, ಬೀರ, ಮತ್ತೆ ಮಾಸ್ತಿ ಎಂದು ಹೆಸರು ತಿರುಗುತ್ತಿರುತ್ತದೆ. ಇಬ್ಬರು ಮಾಸ್ತಿಯರನ್ನು ಒಬ್ಬನೆಂದು ತಿಳಿದು ಐವತ್ತು ವರ್ಷಗಳನ್ನು ನುಂಗಿಹಾಕಿದ ವಂಶಾವಳಿಗಳನ್ನು ನಾನು ನೋಡಿದ್ದೇನೆ.

ಎರಡನೆಯ ಹೆಜ್ಜೆಯಾಗಿ ಇತ್ತೀಚಿನ ಕಡತದಿಂದ ಹಿಂದಕ್ಕೆ ಸರಿಯಬೇಕು. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿದಾರರು ಸಲ್ಲಿಸಿದ 7ನೇ ನಮೂನೆಯ ಅರ್ಜಿ ನಿಮ್ಮ ಮನೆಯವರದೂ ಇದ್ದರೆ, ಭೂನ್ಯಾಯಮಂಡಳಿಯ ಆ ಕಡತದ ನಕಲು ಪಡೆಯಿರಿ. ಸರ್ವೆ ನಂಬರು, ಒಡೆಯರ ಹೆಸರು, ಎಷ್ಟು ತಲೆಮಾರಿನಿಂದ ಸಾಗುವಳಿ ಎಂಬ ಹೇಳಿಕೆ ಅದರಲ್ಲಿ ಸಿಗಬಹುದು. ಜಮೀನಿಗಾಗಿ ಹೊಡೆದಾಡುತ್ತಿದ್ದ ಎರಡೂ ಕಡೆಯವರ ಮಾತು ಅದು ಎಂಬುದನ್ನು ಮಾತ್ರ ಮರೆಯಬಾರದು. ಸರ್ವೆ ನಂಬರು ಕೈಗೆ ಬಂದ ಮೇಲೆ ತಾಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಹಕ್ಕು ದಾಖಲೆ ಮತ್ತು ವಾರಸಾ ನೋಂದಣಿಗಳನ್ನು ಕೇಳಬಹುದು. ಉತ್ತರ ಕನ್ನಡ ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಹಕ್ಕು ದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ. ಆದ್ದರಿಂದ ಈ ಹಾದಿ ನಿಮ್ಮನ್ನು ಇಪ್ಪತ್ತನೆಯ ಶತಮಾನದ ಹೊಸ್ತಿಲವರೆಗೆ ಮಾತ್ರ ಒಯ್ಯುತ್ತದೆ.

ಅಲ್ಲಿಂದ ಹಿಂದಕ್ಕೆ ಹೋಗಲು ಒಡೆಯರ ಮನೆಯ ಅಟ್ಟವೇ ಗತಿ. ಮುಜುಗರದ ಭೇಟಿ ಇದು. ಹಳೆಯ ಜಗಳ ಕೆದಕಲು ಬಂದರೋ ಎಂಬ ಅನುಮಾನ ಆ ಮನೆಯವರಿಗೆ ಸಹಜವಾಗಿ ಬರುತ್ತದೆ. ಜಮೀನಿನ ವಿಷಯವಲ್ಲ, ಅಜ್ಜನ ವಿಷಯ ಎಂದು ಮೊದಲೇ ಹೇಳಿ, ಇಬ್ಬರಿಗೂ ಪರಿಚಯವಿರುವ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಅಟ್ಟದ ಪೆಟ್ಟಿಗೆಯಲ್ಲಿ ಕಾಗದದ ಪುಸ್ತಕಗಳ ಜೊತೆ ಕಪ್ಪು ಬಟ್ಟೆಯ ಮಡಿಕೆ ಮಡಿಕೆಯಾದ ಕಡತ ಸಿಕ್ಕರೆ ಅದೃಷ್ಟವೆಂದೇ ತಿಳಿಯಿರಿ. ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಬಟ್ಟೆಗೆ ಬಳಿದು ಒಣಗಿಸಿ, ಬಳಪದಿಂದ ಬರೆದ ಲೆಕ್ಕ ಅದು. ಒರೆಸಿ ಮತ್ತೆ ಬರೆಯಲೆಂದೇ ಮಾಡಿದ್ದು. ಧೂಳು ತೆಗೆಯುವ ಉತ್ಸಾಹದಲ್ಲಿ ಒದ್ದೆ ಬಟ್ಟೆ ಆಡಿಸಿದರೆ ಧೂಳಿನೊಂದಿಗೆ ಮುತ್ತಜ್ಜನೂ ಹೋಗುತ್ತಾನೆ. ಮೃದುವಾದ ಒಣ ಕುಂಚ ಸಾಕು. ಅಕ್ಷರ ಮಾಸಿದ್ದರೆ ಬ್ಯಾಟರಿಯ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ; ಮಡಿಕೆಗಳ ಕ್ರಮ ತಪ್ಪದಂತೆ ಪ್ರತಿ ಚಿತ್ರಕ್ಕೂ ಸಂಖ್ಯೆ ಹಾಕಿ. ಬರಹ ಮೋಡಿ ಎಂಬ ಹಳೆಯ ಮರಾಠಿ ಲಿಪಿಯಲ್ಲಿದ್ದರೆ ಬಲ್ಲವರನ್ನು ಹುಡುಕಬೇಕು, ಊಹೆ ಮಾಡಬಾರದು.

ಪುಟ ಓದುವಾಗ ತೇದಿಯನ್ನು ಮೊದಲು ಬಿಡಿಸಿಕೊಳ್ಳಿ. ಶಾಲಿವಾಹನ ಶಕೆಗೆ 78, ಕಂದಾಯದ ಲೆಕ್ಕದಲ್ಲಿ ಬಳಸುವ ಫಸಲಿ ವರ್ಷಕ್ಕೆ 590 ಸೇರಿಸಿದರೆ ಇಸವಿ ಸುಮಾರಾಗಿ ಬರುತ್ತದೆ. ಬರೀ ಸಂವತ್ಸರದ ಹೆಸರಿದ್ದರೆ ಅರವತ್ತು ವರ್ಷಗಳ ಗೊಂದಲ ಕಾದಿರುತ್ತದೆ. ಉದಾಹರಣೆಗೆ "ಧಾತು ಸಂವತ್ಸರ, ಮಾಸ್ತಿ ಕಡೆ ಬಾಕಿ" ಎಂಬ ಸಾಲು ಸಿಕ್ಕಿತೆನ್ನಿ. ಧಾತು ಎಂದರೆ 1816–17 ಆಗಬಹುದು, ದೊಡ್ಡ ಬರಗಾಲ ಆರಂಭವಾದ 1876–77 ಆಗಬಹುದು, 1936–37ರೂ ಆಗಬಹುದು. ಬಾಕಿಯನ್ನು ವರಹ, ಹಣ ಎಂಬ ಹಳೆಯ ನಾಣ್ಯಗಳಲ್ಲಿ ಬರೆದಿದ್ದರೆ ಹಳೆಯ ಸುತ್ತಿನದೆಂದು ಅನುಮಾನಿಸಬಹುದು. ರೂಪಾಯಿ-ಆಣೆ ಇದ್ದರೆ ನಂತರದ ಎರಡರಲ್ಲೊಂದು, ಆಗ ಅದೇ ಪುಟದ ಒಡೆಯರ ಹೆಸರನ್ನು ಅವರ ಹಿಸೆ ಪತ್ರದೊಂದಿಗೆ ತಾಳೆ ನೋಡಬೇಕು. ಬಾಕಿಯ ಜಾಡು ಉಪಯೋಗಕ್ಕೆ ಬರುವುದು ಇಲ್ಲಿಯೇ. ಮದುವೆಗೆಂದು ಪಡೆದ ಸಾಲ ಮುಂದಿನ ವರ್ಷಗಳ ಪುಟಗಳಲ್ಲಿ ಭತ್ತ, ಕಂಬಳಿ, ಕೂಲಿಗಳ ಜಮೆ-ಖರ್ಚಿನೊಂದಿಗೆ ಸಾಗುತ್ತಾ, ಒಂದು ವರ್ಷ ಇದ್ದಕ್ಕಿದ್ದಂತೆ ಬೀರನ ಹೆಸರಿಗೆ ವರ್ಗವಾಗಿದ್ದರೆ, ಮಾಸ್ತಿ ತೀರಿಕೊಂಡ ಕಾಲ ಹೆಚ್ಚುಕಡಿಮೆ ತಿಳಿದಂತಾಯಿತು, ಬೀರ ಅವನ ಮಗನಿರಬಹುದೆಂಬ ಸುಳಿವೂ ದೊರೆತಂತಾಯಿತು. ಹೆಂಗಸರ ವಿಷಯದಲ್ಲಿ ಲೆಕ್ಕ ಬರೆದವರು ಇನ್ನೂ ಜಿಪುಣರು: "ಹೆಣ್ಣಾಳು 6" ಎಂದು ಬರೆದು ಮುಗಿಸಿಬಿಡುತ್ತಾರೆ.

1843ರ 5ನೇ ಕಾಯ್ದೆ ಮನುಷ್ಯರ ಮೇಲಿನ ಒಡೆತನವನ್ನು ನ್ಯಾಯಾಲಯಗಳು ಎತ್ತಿಹಿಡಿಯದಂತೆ ಮಾಡಿತು. ಅದಕ್ಕಿಂತ ಹಿಂದಿನ ಪತ್ರಗಳಲ್ಲಿ ಜಮೀನಿನ ಜೊತೆಗೇ ಆಳುಗಳ ಪ್ರಸ್ತಾಪ ಕಂಡರೆ ಬೆಚ್ಚಬೇಡಿ, ಆ ಸಾಲನ್ನು ಇದ್ದ ಹಾಗೆಯೇ ನಕಲು ಮಾಡಿಕೊಳ್ಳಿ.

ಸಾಲ ಮತ್ತು ಗೇಣಿಯ ಪತ್ರಗಳು ನೋಂದಣಿಯಾಗಿದ್ದರೆ ಉಪನೋಂದಣಾಧಿಕಾರಿಯ ಕಚೇರಿಯ ಸೂಚಿ ಪುಸ್ತಕಗಳಲ್ಲಿ ಒಡೆಯರ ಹೆಸರು ಮತ್ತು ಊರಿನ ಮೂಲಕ ಹುಡುಕಬಹುದು. ನೋಂದಣಿ ಕಾಯ್ದೆ 1864ರಿಂದೀಚಿನದು. ಕಾರವಾರ, ಹೊನ್ನಾವರದ ಕಡೆಯ ಕ್ರೈಸ್ತ ಕುಟುಂಬಗಳವರು ಇಗರ್ಜಿಯ ದೀಕ್ಷಾಸ್ನಾನ ಮತ್ತು ಮದುವೆಯ ಪುಸ್ತಕಗಳನ್ನು ಬಿಡಬಾರದು. ಜಿಲ್ಲೆಯಾಚೆ ಹುಡುಕುವವರಿಗೆ 1862 ಮುಖ್ಯವಾದ ಗಡಿ: ಆ ವರ್ಷ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಹಾಗಾಗಿ ಹಿಂದಿನ ಕಲೆಕ್ಟರರ ಪತ್ರವ್ಯವಹಾರಕ್ಕೆ ಚೆನ್ನೈನ ಪತ್ರಾಗಾರ, ಮುಂದಿನದಕ್ಕೆ ಮುಂಬಯಿಯ ಪತ್ರಾಗಾರ. ಅಲ್ಲಿ ಒಬ್ಬ ಆಳಿನ ಹೆಸರು ಸಿಗುವ ಆಸೆ ಇಟ್ಟುಕೊಳ್ಳಬೇಡಿ. ಊರಿನ ಬರ, ಜ್ವರ, ಕಂದಾಯಗಳ ಹಿನ್ನೆಲೆ ಸಿಕ್ಕರೆ ಸಾಕು.

ಕೊನೆಗೆ, ಸಿಕ್ಕಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸುವಾಗ ಮೂಲದಲ್ಲಿದ್ದ ಮಾತು, ನಿಮ್ಮ ಲೆಕ್ಕದ ಇಸವಿ, ಪುಟ ಸಿಕ್ಕ ಮನೆ ಇವನ್ನು ಬೇರೆ ಬೇರೆಯಾಗಿ ಬರೆಯಿರಿ. ಬೀರ ಮಾಸ್ತಿಯ ಮಗನೆಂದು ಕಡತದಲ್ಲಿ ನೇರವಾಗಿ ಇಲ್ಲದಿದ್ದರೆ ಆ ಗೆರೆಯನ್ನು ಪೆನ್ಸಿಲಿನಲ್ಲಿ ಎಳೆಯಿರಿ, ಇನ್ನೊಂದು ಪುಟ ಸಿಗುವವರೆಗೆ ಶಾಯಿ ಹಾಕಬೇಡಿ.