ಸಾಫ್ಟ್‌ನರ್ ತೊಳೆಯಲು ಎಷ್ಟು ನೀರು ಬೇಕು? ನಮ್ಮ ಮನೆಯ ಲೆಕ್ಕ

ಬೋರ್‌ವೆಲ್ ನೀರಿಗೆ ಸಾಫ್ಟ್‌ನರ್, ಅಂದರೆ ಗಡಸು ನೀರನ್ನು ಮೆದು ಮಾಡುವ ಸಾಧನ, ಹಾಕಿಸುವಾಗ ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ. ಬೆಲೆ ಎಷ್ಟು, ಉಪ್ಪು ಎಷ್ಟು ಬೇಕು? ಅದನ್ನು ತೊಳೆದು ಮತ್ತೆ ಸಜ್ಜು ಮಾಡುವಾಗ, ಅಂದರೆ ರೀಜನರೇಷನ್ ಮಾಡುವಾಗ, ಎಷ್ಟು ನೀರು ಚರಂಡಿ ಪಾಲಾಗುತ್ತದೆ ಅಂತ ಕೇಳುವವರು ಕಡಿಮೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಬೋರ್‌ಗಳು ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ನಮ್ಮ ಮನೆಗೂ ಆಗ ಟ್ಯಾಂಕರ್ ನೀರೇ ಗತಿ. ದುಡ್ಡು ಕೊಟ್ಟು ಸಂಪ್ ತುಂಬಿಸಿದ ನೀರು ಸಾಫ್ಟ್‌ನರ್‌ನ ವೇಸ್ಟ್ ಪೈಪಿನಿಂದ ಹರಿದು ಹೋಗುವುದನ್ನು ನೋಡಿ ಸುಮ್ನೆ ಇರಲಾಗಲಿಲ್ಲ. ಬಕೆಟ್, ಗಡಿಯಾರ, ನೀರಲ್ಲಿ ಕರಗಿದ ಲವಣದ ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಇಟ್ಟುಕೊಂಡು ಲೆಕ್ಕ ಹಾಕಲು ಶುರು ಮಾಡಿದೆ.

ಮನೆಯಲ್ಲಿ ಐದು ಜನ. ನೀರಿನ ಗಡಸುತನ ಸುಮಾರು 500 ಪಿಪಿಎಂ, ಅಂದರೆ ಲೀಟರಿಗೆ 500 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವುದು 200, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ. ನಮ್ಮ ಸಾಫ್ಟ್‌ನರ್ 13 ಇಂಚು ಅಗಲದ ಫೈಬರ್ ಸಿಲಿಂಡರ್. ಒಳಗೆ 50 ಲೀಟರ್ ರೆಸಿನ್, ತಲೆಯ ಮೇಲೆ ನೀರಿನ ದಾರಿ ಬದಲಿಸಲು ಕೈಯಲ್ಲಿ ತಿರುಗಿಸುವ ಮಲ್ಟಿಪೋರ್ಟ್ ವಾಲ್ವ್. ರೆಸಿನ್ ಅಂದರೆ ಸಾಸಿವೆಗಿಂತ ಸಣ್ಣ, ಜೇನಿನ ಬಣ್ಣದ ಹರಳು. ಅದು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದಿಟ್ಟುಕೊಂಡು ಸೋಡಿಯಂ ಬಿಡುತ್ತದೆ. ಹಿಡಿಯುವ ಶಕ್ತಿ ಮುಗಿದಾಗ ಉಪ್ಪುನೀರು ಹಾಯಿಸಿದರೆ ಹಿಡಿದದ್ದನ್ನೆಲ್ಲ ಬಿಟ್ಟು ಮತ್ತೆ ಸೋಡಿಯಂ ತುಂಬಿಕೊಳ್ಳುತ್ತದೆ. ಸರಳ ಕೆಲಸ, ಆದರೆ ಪ್ರತಿ ಹಂತಕ್ಕೂ ನೀರು ಬೇಕು.

ಅಳೆಯಲು ದೊಡ್ಡ ವಿದ್ಯೆ ಏನೂ ಬೇಡ. ವೇಸ್ಟ್ ಪೈಪಿನ ಬಾಯಿಗೆ 15 ಲೀಟರ್ ಬಕೆಟ್ ಹಿಡಿದು, ತುಂಬಲು ಎಷ್ಟು ಹೊತ್ತು ಬೇಕು ನೋಡಿದರೆ ಆಯ್ತು. ಮೊದಲು ಬ್ಯಾಕ್‌ವಾಶ್, ಅಂದರೆ ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸಿ ಕೆಸರು ತೆಗೆಯುವುದು. ಅದರಲ್ಲಿ ನಮಗೆ ನಿಮಿಷಕ್ಕೊಂದು ಬಕೆಟ್. ಹಾಕಿಕೊಟ್ಟವರು ಹೇಳಿದ ಹತ್ತು ನಿಮಿಷಕ್ಕೆ 150 ಲೀಟರ್. ಆಮೇಲೆ ಉಪ್ಪುನೀರು ಎಳೆಯುವುದು, ನೀರು ಬೆರೆತು ತೆಳುವಾದದ್ದೂ ಸೇರಿ 75 ಲೀಟರ್. ಅದೇ ಹಂತದಲ್ಲಿ ಉಪ್ಪು ತೊಳೆದು ಕಳಿಸುವ ನಿಧಾನದ ರಿನ್ಸ್ 100 ಲೀಟರ್. ಕೊನೆಗೆ ಜೋರು ರಿನ್ಸ್, ಹತ್ತು ನಿಮಿಷಕ್ಕೆ 200 ಲೀಟರ್. ಒಟ್ಟು 525 ಲೀಟರ್. ‘ವಾರಕ್ಕೊಂದ್ಸಲ ಮಾಡ್ಬಿಡಿ ಸಾರ್, ಸಾಕು’ ಅಂತ ಅವರು ಹೇಳಿದ್ದನ್ನು ಪಾಲಿಸಿದರೆ ತಿಂಗಳಿಗೆ ಎರಡು ಸಾವಿರ ಲೀಟರ್‌ಗೂ ಮೇಲೆ.

ಇದನ್ನು ಇಳಿಸಲು ಮೊದಲ ದಾರಿ, ರೀಜನರೇಷನ್ನೇ ಕಡಿಮೆ ಮಾಡುವುದು. ಟಾಯ್ಲೆಟ್ ಫ್ಲಶ್‌ಗೆ, ಗಿಡಕ್ಕೆ, ಅಂಗಳಕ್ಕೆ ಮೆದು ನೀರು ಯಾಕೆ ಬೇಕು? ಗಿಡಕ್ಕಂತೂ ಕೊಡಲೇಬಾರದು, ಅದರ ಸೋಡಿಯಂ ಮಣ್ಣನ್ನು ಕೆಡಿಸುತ್ತದೆ. ಪ್ಲಂಬರ್ ಕರೆಸಿ ಓವರ್‌ಹೆಡ್ ಟ್ಯಾಂಕನ್ನು ಎರಡಾಗಿ ಮಾಡಿಸಿದೆ. ಸ್ನಾನ, ವಾಷಿಂಗ್ ಮೆಷಿನ್, ಗೀಸರ್, ಅಡುಗೆಮನೆಗೆ ಮೆದು ನೀರು. ಉಳಿದದ್ದಕ್ಕೆಲ್ಲ ಬೋರ್ ನೀರು ಹಾಗೇ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವ ಸರ್ಕಾರಿ ಲೆಕ್ಕದಲ್ಲಿ ನಮಗೆ 675 ಲೀಟರ್ ಮೆದು ನೀರು ಬೇಕಿತ್ತು. ಈಗ ಸುಮಾರು 450 ಸಾಕು.

ಎರಡನೆಯದು, ಕ್ಯಾಲೆಂಡರ್ ನೋಡಿ ರೀಜನರೇಷನ್ ಮಾಡುವುದನ್ನು ಬಿಟ್ಟದ್ದು. ಎಷ್ಟು ದಿನವಾಯ್ತು ಅನ್ನುವುದು ರೆಸಿನ್‌ಗೆ ಗೊತ್ತಾಗುವುದಿಲ್ಲ, ಎಷ್ಟು ನೀರು ಹಾದುಹೋಯ್ತು ಅನ್ನುವುದೇ ಮುಖ್ಯ. ಸಾಫ್ಟ್‌ನರ್‌ನಿಂದ ಹೊರಬರುವ ಪೈಪಿಗೆ ಒಂದು ಸಾದಾ ವಾಟರ್ ಮೀಟರ್ ಕೂರಿಸಿದೆ.

ಎಷ್ಟು ಲೀಟರ್ ಬರುತ್ತದೆ ಅನ್ನುವುದು ಉಪ್ಪಿನ ಮೇಲೂ ನಿಂತಿದೆ. ಈ ಲೆಕ್ಕ ಸ್ವಲ್ಪ ಗಮನ ಕೊಟ್ಟು ಓದಿ. ಲೀಟರ್ ರೆಸಿನ್‌ಗೆ 100 ಗ್ರಾಂ ಉಪ್ಪು ಹಾಕಿದರೆ ಅದು ಹೆಚ್ಚುಕಮ್ಮಿ 45 ಗ್ರಾಂ ಗಡಸುತನ ಹಿಡಿಯುತ್ತದೆ. 160 ಗ್ರಾಂ ಹಾಕಿದರೆ 57 ಗ್ರಾಂ. 240 ಹಾಕಿದರೂ 69ರ ಹತ್ತಿರ ಮಾತ್ರ. ಉಪ್ಪು ಜಾಸ್ತಿ ಮಾಡಿದಷ್ಟೂ ಪ್ರತಿ ಕಿಲೋಗೆ ಸಿಗುವ ಲಾಭ ಇಳಿಯುತ್ತಾ ಹೋಗುತ್ತದೆ. ಹಾಗಂತ ತೀರಾ ಕಡಿಮೆ ಹಾಕಿದರೆ ಪದೇ ಪದೇ ರೀಜನರೇಷನ್ ಮಾಡಬೇಕು, ನೀರು ಹೋಗುತ್ತದೆ. ಉಪ್ಪು ಉಳಿಸುವುದೋ ನೀರು ಉಳಿಸುವುದೋ ಅನ್ನುವ ಜಗ್ಗಾಟ ಇದು. ನಾನು ನಡುವೆ ನಿಂತೆ. ಒಂದು ಸಲಕ್ಕೆ 8 ಕಿಲೋ. 50 ಲೀಟರ್ ರೆಸಿನ್ ಆಗ 2,850 ಗ್ರಾಂ ಹಿಡಿಯುತ್ತದೆ. ಲೀಟರ್ ನೀರಲ್ಲಿ ಅರ್ಧ ಗ್ರಾಂ ಗಡಸುತನ ಅಂದರೆ 5,700 ಲೀಟರ್ ಮೆದು ನೀರು. ಸ್ವಲ್ಪ ಕೈಹಿಡಿದು 5,000ಕ್ಕೆ ನಿಲ್ಲಿಸುತ್ತೇನೆ. ಹನ್ನೊಂದು ದಿನದ ಆಸುಪಾಸು ಬರುತ್ತದೆ.

ಮೀಟರ್ 5,000 ಹತ್ತಿರ ಬಂದಾಗ ಗಡಸುತನ ನೋಡುವ ಹನಿ ಪರೀಕ್ಷೆ. ಪುಟ್ಟ ಬಾಟಲಿಗೆ ನೀರು ತುಂಬಿ, ಕಿಟ್‌ನಲ್ಲಿರುವ ಬಫರ್ ಮತ್ತು ಇಂಡಿಕೇಟರ್ ಹಾಕಿ ಅಲ್ಲಾಡಿಸಬೇಕು. ನೀಲಿ ಬಂದರೆ ನೀರು ಮೆದು, ಇನ್ನೂ ದಿನ ಇದೆ. ದ್ರಾಕ್ಷಿರಸದ ಹಾಗೆ ಕೆಂಪು ಬಂದರೆ ಗಡಸುತನ ದಾಟಿ ಬರುತ್ತಿದೆ, ಅಂದೇ ರೀಜನರೇಷನ್. ಇದಕ್ಕೆ ಟಿಡಿಎಸ್ ಮೀಟರ್ ಬಳಸಬೇಡಿ. ಸಾಫ್ಟ್‌ನರ್ ಒಂದು ಲವಣದ ಜಾಗಕ್ಕೆ ಇನ್ನೊಂದನ್ನು ತರುತ್ತದೆ ಅಷ್ಟೇ. ಟಿಡಿಎಸ್ ಒಳಗೆ ಹೋದಷ್ಟೇ ಹೊರಗೂ ತೋರಿಸುತ್ತದೆ.

ಆದರೆ ರಿನ್ಸ್ ಮುಗಿಯಿತೋ ಇಲ್ಲವೋ ತಿಳಿಯಲು ಅದೇ ಮೀಟರ್ ಬೇಕು. ನಮ್ಮ ಬೋರ್ ನೀರು 850 ತೋರಿಸುತ್ತದೆ. ಉಪ್ಪುನೀರು ಹೊರಬರುವಾಗ ಮೀಟರ್‌ಗೆ ಅಳತೆಯೇ ಸಿಗುವುದಿಲ್ಲ. ನಿಧಾನದ ರಿನ್ಸ್ ಕೊನೆಯಲ್ಲಿ 2,000ದ ಹತ್ತಿರ ಇಳಿದಿರುತ್ತದೆ. ಜೋರು ರಿನ್ಸ್‌ಗೆ ತಿರುಗಿಸಿ ಲೋಟದಲ್ಲಿ ಹಿಡಿದು ನೋಡುತ್ತಾ ಹೋದರೆ 1,500, 1,100, 950... ಆರು ನಿಮಿಷದೊಳಗೆ 850ರ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಹರಿಯುವುದೆಲ್ಲ ಬರಿದೇ ಹರಿಯುವ ನೀರು. ಹತ್ತು ನಿಮಿಷದ 200 ಲೀಟರ್ ಹೀಗೆ 120 ಆಯಿತು. ಬ್ಯಾಕ್‌ವಾಶ್‌ಗೂ ಇದೇ ರೀತಿ, ಆದರೆ ಕಣ್ಣಳತೆ. ಗಾಜಿನ ಬಾಟಲಿಯಲ್ಲಿ ಹಿಡಿದರೆ ಮೊದಲು ಚಹಾದ ಬಣ್ಣ, ಆಮೇಲೆ ಮಬ್ಬು, ಆಮೇಲೆ ತಿಳಿ. ಸಾಫ್ಟ್‌ನರ್‌ಗೆ ಮೊದಲೇ ಮರಳಿನ ಫಿಲ್ಟರ್ ಇರುವುದರಿಂದ ಆರು ನಿಮಿಷಕ್ಕೆ ತಿಳಿಯಾಗುತ್ತದೆ. 90 ಲೀಟರ್. ಬಾಟಲಿಯ ತಳದಲ್ಲಿ ರೆಸಿನ್ ಹರಳು ಕಂಡರೆ ಒತ್ತಡ ಜಾಸ್ತಿಯಾಗಿದೆ, ವಾಲ್ವ್ ಸ್ವಲ್ಪ ಕಡಿಮೆ ಮಾಡಬೇಕು.

ಒಂದನ್ನು ಮಾತ್ರ ಕಡಿತ ಮಾಡಬೇಡಿ. ಉಪ್ಪುನೀರಿನ ಹಂತ. ಉಪ್ಪುನೀರು ರೆಸಿನ್ ನಡುವೆ ಅರ್ಧ ಗಂಟೆಯಾದರೂ ನಿಧಾನವಾಗಿ ಇಳಿಯಬೇಕು. ಇಲ್ಲಿ ಅವಸರ ಮಾಡಿದರೆ ಉಪ್ಪೂ ದಂಡ, ನೀರೂ ದಂಡ.

ಈಗ ಹೊರಬರುವ ನೀರಿನ ವಿಷಯ. ವೇಸ್ಟ್ ಪೈಪಿಗೆ ಒಂದು ಟೀ ಹಾಕಿ ಎರಡು ಬಾಲ್ ವಾಲ್ವ್ ಕೊಡಿಸಿದ್ದೇನೆ. ಒಂದು ಚರಂಡಿಗೆ, ಇನ್ನೊಂದು ಹೊರಗಿನ ಡ್ರಮ್ಮಿಗೆ. ಬ್ಯಾಕ್‌ವಾಶ್ ನೀರಿನಲ್ಲಿ ಉಪ್ಪು ಸೇರಿರುವುದಿಲ್ಲ, ಬರೀ ಕೆಸರು. ಅದು ಡ್ರಮ್ಮಿಗೆ ಹೋಗುತ್ತದೆ. ಅಮ್ಮ ಅದನ್ನೇ ಕರಿಬೇವು, ದಾಸವಾಳಕ್ಕೆ ಹಾಕುತ್ತಾರೆ. ಉಪ್ಪುನೀರು, ನಿಧಾನದ ರಿನ್ಸ್, ಜೋರು ರಿನ್ಸ್‌ನ ಮೊದಲ 50 ಲೀಟರ್ ಚರಂಡಿಗೆ. ಕೊನೆಯ 70 ಲೀಟರ್ ಮತ್ತೆ ಡ್ರಮ್ಮಿಗೆ. ಇದರಲ್ಲಿ ಚೂರು ಉಪ್ಪು ಉಳಿದಿರಬಹುದು ಅಂತ ಗಿಡದ ನೀರೆಲ್ಲ ಖಾಲಿಯಾದ ಮೇಲೆ ಬಿಟ್ಟು, ಅಂಗಳ, ಗೇಟು ತೊಳೆಯಲು ಇಡುತ್ತೇವೆ. ಈಗ ಒಂದು ಸಲಕ್ಕೆ ಬಳಕೆ 385 ಲೀಟರ್, ಅದರಲ್ಲಿ 160 ಮತ್ತೆ ಕೈಗೆ ಸಿಗುತ್ತದೆ. ನಿಜವಾಗಿ ಚರಂಡಿಗೆ ಹೋಗುವುದು 225. ತಿಂಗಳಿಗೆ ಎರಡು ಸಾವಿರ ದಾಟುತ್ತಿದ್ದ ಜಾಗದಲ್ಲಿ ಆರುನೂರರ ಹತ್ತಿರ.

ಉಪ್ಪುನೀರಿನ ಪೈಪನ್ನು ಮಳೆನೀರಿನ ಇಂಗುಗುಂಡಿಗೆ ಬಿಟ್ಟಿರುವ ಮನೆಗಳನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ತಿಂಗಳಿಗೆ ಇಪ್ಪತ್ತು ಕಿಲೋ ಉಪ್ಪು, ಅದರ ಜೊತೆಗೆ ರೆಸಿನ್ ಬಿಟ್ಟ ಗಡಸುತನ, ಎಲ್ಲವೂ ನಮ್ಮದೇ ಬೋರ್ ಕಡೆಗೆ, ಪಕ್ಕದ ಮನೆಯವರ ಬೋರ್ ಕಡೆಗೆ ಇಳಿಯುತ್ತದೆ. ಇಂಗುಗುಂಡಿ ತೋಡಿದ್ದೇ ಒಳ್ಳೆಯ ನೀರು ಇಳಿಯಲಿ ಅಂತ, ಅಲ್ವಾ?

ಆಟೋಮ್ಯಾಟಿಕ್ ವಾಲ್ವ್ ಇರುವವರಿಗೆ ಇಷ್ಟು ಓಡಾಟ ಬೇಕಿಲ್ಲ. ಟೈಮರ್ ಬದಲು ಮೀಟರ್ ಮೇಲೆ ನಡೆಯುವ ಮಾದರಿ ತೆಗೆದುಕೊಳ್ಳಿ. ಟೈಮರ್ ಆದರೆ ದಸರಾ ರಜೆಗೆ ಎಲ್ಲರೂ ಊರಿಗೆ ಹೋಗಿದ್ದರೂ ಅದು ತನ್ನ ಪಾಡಿಗೆ ರಾತ್ರಿ ಎದ್ದು ನೀರು ಚೆಲ್ಲುತ್ತದೆ. ಟೈಮರ್ ಇರುವುದನ್ನೇ ಬಳಸುತ್ತಿದ್ದರೆ ಊರಿಗೆ ಹೊರಡುವ ಮೊದಲು ಬೈಪಾಸ್‌ಗೆ ಹಾಕಿ, ಪ್ಲಗ್ ತೆಗೆದುಬಿಡಿ. ಬಂದ ಮೇಲೆ ಗಡಿಯಾರ ಸರಿಮಾಡಿ, ಹನಿ ಪರೀಕ್ಷೆ ಮಾಡಿ ಮುಂದುವರಿಸಿ.