ಇಂಗ್ಲೆಂಡಿನಲ್ಲಿ ಪೊಲೀಸರ ಮೇಲೆ ದಾವೆ: ವಿಚಾರಣೆ ನಡುವೆ ಹೊಸ ಆರೋಪ ಸೇರಿಸಬಹುದಾ?

ಊರಲ್ಲಿ ಕೋರ್ಟಿಗೆ ಅಲೆದವರು "ಆಮೇಲೆ ತಿದ್ದುಪಡಿ ಅರ್ಜಿ ಹಾಕಿದರಾಯ್ತು ಬಿಡಿ" ಅನ್ನೋ ಮಾತು ಕೇಳಿರುತ್ತೀರಿ. 2002ರಲ್ಲಿ ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆ ಬದಲಾದ ಮೇಲೆ, ವಿಚಾರಣೆ ಶುರುವಾಗಿದ್ದರೆ ಅಲ್ಲೂ ಅದು ಸುಲಭವಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಂತೂ ಆ ನಂಬಿಕೆ ಇಟ್ಟುಕೊಳ್ಳಲೇಬೇಡಿ.

ಇಲ್ಲಿ ದಾವೆ ಹೂಡೋದು ಸಾಮಾನ್ಯವಾಗಿ ನಿಮ್ಮನ್ನು ಹಿಡಿದ ಪೊಲೀಸಿನವನ ಮೇಲಲ್ಲ, ಆ ಪಡೆಯ ಚೀಫ್ ಕಾನ್ಸ್‌ಟೇಬಲ್ ಮೇಲೆ. ಲಂಡನ್‌ನ ಮೆಟ್ರೊಪಾಲಿಟನ್ ಪೊಲೀಸ್ (ಮೆಟ್) ಆದರೆ ಕಮಿಷನರ್ ಮೇಲೆ. ಪೊಲೀಸ್ ದೂರು ಬೇರೆ, ದಾವೆ ಬೇರೆ. ದೂರು ಕೊಟ್ಟು ಉತ್ತರಕ್ಕೆ ಕಾಯುತ್ತಾ ಕೂತರೆ ದಾವೆಯ ಗಡುವು ನಿಮಗಾಗಿ ನಿಲ್ಲೋದಿಲ್ಲ.

ಒಂದು ಉದಾಹರಣೆ ನೋಡಿ. ನಿಮ್ಮನ್ನು ಹತ್ತು ಗಂಟೆ ಸೆಲ್‌ನಲ್ಲಿ ಕೂರಿಸಿದರು, ಕ್ಲೇಮ್‌ನಲ್ಲಿ, ಅಂದರೆ ದಾವೆ ಪತ್ರದಲ್ಲಿ, ನೀವು ಅಕ್ರಮ ಬಂಧನ ಅಂತ ಮಾತ್ರ ಬರೆದಿರಿ. ವಿಚಾರಣೆಯ ಮೂರನೇ ದಿನ ಪಾಟೀಸವಾಲಿನಲ್ಲಿ ಒಬ್ಬ ಅಧಿಕಾರಿ, ಕೈಕೋಳ ಹಾಕುವಾಗ ತೋಳು ತಿರುಚಿದ್ದು ನಿಜ ಅಂತಾನೆ. ಹಲ್ಲೆಯನ್ನೂ ಸೇರಿಸೋಣ ಅನ್ನಿಸುತ್ತೆ, ಅಲ್ವಾ? ಆದರೆ ನ್ಯಾಯಾಧೀಶರು ಕೇಳೋದು ಒಂದೇ: ತೋಳು ನಿಮ್ಮದು, ನೋವು ಅವತ್ತೇ ಗೊತ್ತಿತ್ತು, ಮೊದಲೇ ಯಾಕೆ ಬರೆಯಲಿಲ್ಲ? ಅದೇ, ಬಂಧನಕ್ಕೆ ಬೇರೆ ಕಾರಣ ಬರೆದಿದ್ದ ಕಸ್ಟಡಿ ರೆಕಾರ್ಡಿನ (ಠಾಣೆಯ ಬಂಧನ ದಾಖಲೆಯ) ಪುಟವನ್ನು ಪೊಲೀಸರು ಹಿಂದಿನ ದಿನ ಕೊಟ್ಟಿದ್ದರೆ ತಡಕ್ಕೆ ಒಳ್ಳೆಯ ಉತ್ತರ ಇದೆ. ನನ್ನ ಪ್ರಕಾರ ಇಡೀ ವಿಷಯ ನಿಂತಿರೋದು ಈ ವ್ಯತ್ಯಾಸದ ಮೇಲೆ.

2015ರ ಕ್ವಾ ವಿರುದ್ಧ ಗೋಲ್ಡ್‌ಮನ್ ಸ್ಯಾಕ್ಸ್ ತೀರ್ಪು ಪೊಲೀಸರ ಕೇಸಲ್ಲ, ಆದರೂ ತಡವಾದ ತಿದ್ದುಪಡಿ ಬಂದಾಗ ವಕೀಲರು ಅದನ್ನೇ ತೆಗೆಯುತ್ತಾರೆ. ಅದರ ಪ್ರಕಾರ ತಡ ಯಾಕಾಯ್ತು ಅಂತ ವಿವರಿಸುವ ಭಾರ ನಿಮ್ಮದೇ, ತಿದ್ದುಪಡಿಯಿಂದ ನಿಗದಿಯಾದ ವಿಚಾರಣೆ ದಿನಾಂಕ ತಪ್ಪುವ ಹಾಗಿದ್ದರೆ ಅದು ಇನ್ನೂ ಜಾಸ್ತಿ.

ಮೇಲೆ ಕಾಲಮಿತಿ ಬೇರೆ. ಅಕ್ರಮ ಬಂಧನಕ್ಕೆ 6 ವರ್ಷ, ಗಾಯದ ಪರಿಹಾರಕ್ಕೆ ಸಾಮಾನ್ಯವಾಗಿ 3, ಮಾನವ ಹಕ್ಕು ಕಾಯ್ದೆಯಡಿ 1 ವರ್ಷ. ಕೊನೆಯ ಎರಡನ್ನು ಕೋರ್ಟ್ ಸಡಿಲಿಸಬಹುದು, ಆದರೆ ಅದನ್ನೇ ನಂಬಿ ಕೂರೋದು ಬೇಡ. ಗಡುವು ಮುಗಿದಿದ್ದರೆ ಹೊಸ ಆರೋಪ ಹಳೇ ಕ್ಲೇಮಿನ ಅದೇ ಘಟನೆಗಳಿಂದ, ಅಥವಾ ಹೆಚ್ಚುಕಡಿಮೆ ಅವುಗಳಿಂದಲೇ ಹುಟ್ಟಬೇಕು. ಹಾಗಾಗಿ ಮೊದಲ ಕ್ಲೇಮ್‌ನಲ್ಲೇ ಕೈಕೋಳ, ಬೈಗುಳ, ಕೊಡದ ಔಷಧಿ, ಎಲ್ಲವನ್ನೂ ಬರೆಸಿ. ಪೊಲೀಸರನ್ನು ದಂಡಿಸುವಂಥ ಹೆಚ್ಚುವರಿ ಪರಿಹಾರ ಬೇಕಿದ್ದರೆ ಅದನ್ನೂ ಕಾರಣದ ಸಮೇತ ಬಿಡಿಸಿ ಕೇಳಬೇಕು, ತಾನಾಗಿ ಬರೋದಿಲ್ಲ.

ತಿದ್ದಲೇಬೇಕು ಅಂತಾದರೆ ಎದುರು ಪಕ್ಷದ ಲಿಖಿತ ಒಪ್ಪಿಗೆ ಮೊದಲು ಕೇಳಿ. ಒಪ್ಪದಿದ್ದರೆ ಕೋರ್ಟಿನ ಅನುಮತಿ ಕೇಳುವ ಎನ್244 ಅರ್ಜಿ ಫಾರ್ಮ್, ತಿದ್ದಿದ ಕರಡು, ತಡಕ್ಕೆ ಕಾರಣ ಹೇಳುವ ಹೇಳಿಕೆ. ಅನುಮತಿ ಸಿಕ್ಕರೂ ತಿದ್ದುಪಡಿಯಿಂದಾದ ಖರ್ಚು ಸಾಮಾನ್ಯವಾಗಿ ನಿಮ್ಮ ತಲೆಗೇ.

ಇನ್ನೊಂದು, ದಯವಿಟ್ಟು ಇದನ್ನು ಮರೆಯಬೇಡಿ. ಸಾಕ್ಷ್ಯ ಅಂತ ಗುರುತು ಮಾಡದ ಬಾಡಿಕ್ಯಾಮ್ (ಪೊಲೀಸರ ಮೈಮೇಲಿನ ಕ್ಯಾಮೆರಾ) ವಿಡಿಯೊವನ್ನು ಮೆಟ್ ಪೊಲೀಸರು 31 ದಿನಕ್ಕೆ ಅಳಿಸುತ್ತಾರೆ. ಅಳಿಸಬೇಡಿ ಅಂತ ಮೊದಲ ವಾರವೇ ಬರಹದಲ್ಲಿ ಕೇಳಿ. ಬಿಟ್ಟು ಕಳಿಸಿದ ರಾತ್ರಿಯೇ ನಡೆದದ್ದೆಲ್ಲ ಗಂಟೆ ಸಮೇತ ಕನ್ನಡದಲ್ಲೇ ಬರೆದಿಡಿ, ಇಂಗ್ಲಿಷಿಗೆ ಆಮೇಲೆ ಮಾಡಿಸಬಹುದು.