ಎಲ್‌ಎಸ್‌ಡಿ ಸೇವಿಸಿದವರು ಕಣ್ಣೆದುರಿಗಿದ್ದಾಗ ಮಾಡಬೇಕಾದದ್ದು

ಹಂಪಿಯ ಆಚೆದಡದ ಆನೆಗೊಂದಿ, ಸಾಣಾಪುರದ ಆಸುಪಾಸಿನಲ್ಲಿ ಹೋಮ್‌ಸ್ಟೇ ನಡೆಸುವವರು, ಹರಿಗೋಲು ಹಾಕುವವರು ಮತ್ತು ರಜೆಗೆಂದು ಅಲ್ಲಿಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಯರು ಮೊದಲು ಒಂದು ಸಂಗತಿಯನ್ನು ತಿಳಿದಿರಬೇಕು: ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮಾದಕ ಪದಾರ್ಥ ಸೇವಿಸಿದವರಿಗೆ ಹೆಚ್ಚಿನ ಸಲ ಕುತ್ತು ಬರುವುದು ಬಂಡೆ, ನೀರು ಮತ್ತು ಬಿಸಿಲಿನಿಂದ.

1938ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಆಲ್ಬರ್ಟ್ ಹಾಫ್ಮನ್ ಮೊದಲು ತಯಾರಿಸಿದ ಈ ಪದಾರ್ಥ ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲಿನ ಲೆಕ್ಕದಲ್ಲಿ ಕೆಲಸ ಮಾಡುವಷ್ಟು ತೀಕ್ಷ್ಣ. ಮಿದುಳಿನಲ್ಲಿ ಸಿರೊಟೋನಿನ್ ಎಂಬ ರಾಸಾಯನಿಕ ಕೂರಬೇಕಾದ ಜಾಗಗಳಿಗೆ ಇದು ಅಂಟಿಕೊಳ್ಳುವುದರಿಂದ ಬಣ್ಣ, ಸದ್ದು, ಕಾಲ, ದೂರ ಎಲ್ಲದರ ಅರಿವು ಕದಲುತ್ತದೆ. ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಶುರುವಾಗುವ ಅಮಲು 8ರಿಂದ 12 ಗಂಟೆ ಉಳಿಯುತ್ತದೆ. ಕಣ್ಣಿನ ಪಾಪೆ ಅಗಲವಾಗುತ್ತದೆ, ಎದೆಬಡಿತ ಮತ್ತು ರಕ್ತದೊತ್ತಡ ಏರುತ್ತವೆ, ಬೆವರು, ನಡುಕ, ವಾಕರಿಕೆ ಕಾಣಿಸುತ್ತವೆ. ಮೈಕಾವು ಸ್ವಲ್ಪ ಏರುತ್ತದೆ. 40 ಡಿಗ್ರಿ ದಾಟುವ ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ನೀರನ್ನೂ ಮರೆತು ಬಂಡೆಯ ಮೇಲೆ ಕುಳಿತವರಿಗೆ ಆ ಸ್ವಲ್ಪವೇ ಸಾಕು. ದೂರದ ಅಂದಾಜು ತಪ್ಪಿದವರು ಬಂಡೆಯ ಅಂಚಿನಲ್ಲಿ ನಿಂತರೆ, ಸಾಣಾಪುರದ ಕೆರೆಗಾಗಲಿ ತುಂಗಭದ್ರೆಯ ಸುಳಿಗಾಗಲಿ ಇಳಿದರೆ ಆಗುವುದನ್ನು ವಿವರಿಸಬೇಕಾಗಿಲ್ಲ.

ಆದ್ದರಿಂದ ಮೊದಲ ಕೆಲಸ ಅವರನ್ನು ಎತ್ತರದಿಂದ ಮತ್ತು ನೀರಿನಿಂದ ದೂರಕ್ಕೆ, ನೆರಳಿರುವ, ಗದ್ದಲವಿಲ್ಲದ ಕೋಣೆಗೆ ಕರೆತರುವುದು. ಒಬ್ಬರೇ ಪಕ್ಕದಲ್ಲಿ ಕುಳಿತು, ಹೆಸರು ಹಿಡಿದು ಕರೆದು, “ಇದು ತೆಗೆದುಕೊಂಡ ಪದಾರ್ಥದ ಪರಿಣಾಮ, ಇಳಿದುಹೋಗುತ್ತದೆ, ನಾನು ಇಲ್ಲೇ ಇದ್ದೇನೆ” ಎಂದು ಮೆಲ್ಲಗೆ ಹೇಳುತ್ತಿರಬೇಕು. ಪೂರ್ತಿ ಎಚ್ಚರವಿದ್ದರೆ ಗುಟುಕು ಗುಟುಕಾಗಿ ನೀರು ಕೊಡಬಹುದು. ಬಲವಂತವಾಗಿ ವಾಂತಿ ಮಾಡಿಸಬಾರದು. ಗಾಳಿ ಸೋಕಿದೆಯೆಂದು ಹಗ್ಗದಿಂದ ಕಟ್ಟುವುದು, ಹೊಡೆಯುವುದು, ಹೊಗೆ ಹಾಕುವುದು ಇನ್ನೂ ಕೆಟ್ಟದ್ದು: ಕಟ್ಟಿದಷ್ಟೂ ಅವರು ಕೊಸರಾಡುತ್ತಾರೆ, ಕೊಸರಾಡಿದಷ್ಟೂ ಮೈಕಾವು ಏರುತ್ತದೆ. ಅಂತ್ರ ಕಟ್ಟಿಸಬೇಕೆನ್ನುವ ಹಿರಿಯರೊಂದಿಗೆ ವಾದಕ್ಕಿಳಿಯದೆ, ಅದನ್ನು ಅಮಲು ಇಳಿದ ಮೇಲೆ ನೋಡೋಣವೆಂದು ವಿನಯದಿಂದ ಹೇಳಿದರೆ ಸಾಕು.

ಫಿಟ್ಸ್, ಸುಡುವಂಥ ಮೈ, ಎದೆನೋವು, ಎಚ್ಚರ ತಪ್ಪುವುದು, ಯಾವ ಮಾತಿಗೂ ತಗ್ಗದ ಉದ್ರೇಕ, ಸಾಯುವ ಮಾತು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಬೇಕು. ಎಚ್ಚರವಿಲ್ಲದವರನ್ನು ಆಂಬ್ಯುಲೆನ್ಸ್ ಬರುವವರೆಗೆ ಮಗ್ಗುಲಾಗಿ ಮಲಗಿಸಿರಬೇಕು. ಎಲ್‌ಎಸ್‌ಡಿಯ ಹೆಸರಿನಲ್ಲಿ ಎನ್‌ಬೋಮ್ ಎಂಬ ಬೇರೆ ರಾಸಾಯನಿಕವನ್ನೂ ಮಾರುವುದುಂಟು. ಅದರಿಂದ ಫಿಟ್ಸ್ ಬಂದು ಪ್ರಾಣ ಹೋದದ್ದಿದೆ, ಇವುಗಳನ್ನು ಹೀರಿಸಿ ಮಾರುವ ಕಾಗದದ ಚೂರನ್ನು ನೋಡಿ ಯಾವುದೆಂದು ಹೇಳಲಾಗದು. ಚರ್ಮ ಕೆಂಪಾಗಿ, ಬೆವರಿಲ್ಲದೆ ಕಾದು, ಬಾಯಿ ಒಣಗಿ, ಮನೆಯವರ ಗುರುತೂ ಸಿಗದಂತಾಗಿದ್ದರೆ ಅದು ನಮ್ಮ ಹೊಲದ ಬದುವಿನಲ್ಲೇ ಬೆಳೆಯುವ ಉಮ್ಮತ್ತಿಯ ವಿಷವಿರಬಹುದು. ಆಗ ಕಾಯುತ್ತ ಕೂರದೆ ಆಸ್ಪತ್ರೆಗೆ ಸಾಗಿಸಬೇಕು.

ಆಸ್ಪತ್ರೆಯಲ್ಲಿ ಪೊಲೀಸರ ಭಯದಿಂದ ಸುಳ್ಳು ಹೇಳುವವರೇ ಹೆಚ್ಚು. ಮಾದಕವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಎಲ್‌ಎಸ್‌ಡಿ ಇಟ್ಟುಕೊಳ್ಳುವುದೂ ಸೇವಿಸುವುದೂ ಅಪರಾಧವೆಂಬುದು ನಿಜ. ಆದರೆ ಸಾಮಾನ್ಯ ಮೂತ್ರಪರೀಕ್ಷೆಯಲ್ಲಿ ಎಲ್‌ಎಸ್‌ಡಿ ಪತ್ತೆಯಾಗುವುದಿಲ್ಲವಾದ್ದರಿಂದ ಜೊತೆಗಿದ್ದವರ ಮಾತೇ ವೈದ್ಯರಿಗೆ ದಾರಿ. ಏನು, ಯಾವಾಗ, ಜೊತೆಗೆ ಇನ್ನೇನು ಸೇವಿಸಿದ್ದರೆಂಬುದನ್ನು ಮುಚ್ಚಿಡದೆ ಹೇಳಬೇಕು. ಮನೋರೋಗಕ್ಕೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಾದರೆ ಅದನ್ನು ಮೊದಲು ಹೇಳಬೇಕು, ಏಕೆಂದರೆ ಅವೆರಡೂ ಸೇರಿದಾಗ ಫಿಟ್ಸ್ ಬರುವ ಅಪಾಯವಿದೆ.

ಅಮಲು ಇಳಿದ ರಾತ್ರಿ ನಿದ್ದೆ ಬರುವುದು ತಡವಾಗಬಹುದು. ಮರುದಿನವೂ ಸಂಶಯ, ಕಿವಿಯಲ್ಲಿ ಮಾತು ಕೇಳಿಸುವುದು, ದಿಗಿಲು ಉಳಿದಿದ್ದರೆ, ಅದರಲ್ಲೂ ಮನೆತನದಲ್ಲಿ ಸ್ಕಿಜೋಫ್ರೀನಿಯಾ ಅಥವಾ ಬೈಪೋಲಾರ್ ಕಾಯಿಲೆ ಇದ್ದವರಾದರೆ, ಕೊಪ್ಪಳ, ಬಳ್ಳಾರಿ ಅಥವಾ ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು. ಅಲ್ಲಿಗೆ ತಲುಪುವ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಕೇಳಬಹುದು.